ಒಂದೇ ಕೈಯಲ್ಲಿ ತೆರೆಯುವ ಚೀಲ

ಬೆಳಗಿನಿಂದ ಮೂರನೇ ಸಲ ಅಕ್ಕ ಆ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕೈಕಾಲಿನ ರಕ್ತ ನಿಲ್ಲಿಸುವ ಬಿಗಿಪಟ್ಟಿ, ಒತ್ತಿ ಕಟ್ಟುವ ಅಗಲವಾದ ಬ್ಯಾಂಡೇಜು, ಗಾಯದೊಳಗೆ ತುರುಕುವ ಬಟ್ಟೆಯ ಸುರುಳಿ ಎರಡು, ಒಂದು ಜೊತೆ ಕೈಗವಸು, ಮೊಂಡು ಮೊನೆಯ ಕತ್ತರಿ, ಒಂದು ಮಾರ್ಕರ್ ಪೆನ್ನು. ಎಲ್ಲ ಇತ್ತು. ಎಲ್ಲ ಇದೆ ಎಂಬುದು ಹತ್ತು ನಿಮಿಷದ ಹಿಂದೆಯೂ ಗೊತ್ತಿತ್ತು. ಮತ್ತೆ ತುಂಬಿದಳು, ಜಿಪ್ ಎಳೆದಳು, ಎದ್ದು ನೀರು ಕುಡಿದಳು, ಬಾಗಿಲ ತನಕ ಹೋಗಿ ವಾಪಸ್ ಬಂದಳು. ಯಂತ್ರದ ಸೂಜಿಯ ಕೆಳಗೆ ಯಾರದೋ ಪ್ರಯಾಣದ ಬ್ಯಾಗು ಅರ್ಧ ಹೊಲಿಗೆಯಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ನಿನ್ನೆಯೇ ಕೊಡಬೇಕಾಗಿತ್ತು.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಇಪ್ಪತ್ತು ವರ್ಷದಿಂದ ಬ್ಯಾಗು ಹೊಲಿಯುತ್ತಾಳೆ, ಹರಿದದ್ದನ್ನು ರಿಪೇರಿ ಮಾಡುತ್ತಾಳೆ. ಅವಳು ಹಾಕಿದ ಜಿಪ್ಪು ಬಿಟ್ಟುಕೊಂಡಿತು ಎಂದು ಈವರೆಗೆ ಯಾರೂ ವಾಪಸ್ ಬಂದದ್ದಿಲ್ಲ.

ತಮ್ಮ ಮರ ಹತ್ತುವವನು. ಕರೆಂಟು ತಂತಿಗೆ ತಾಗುವ ಕೊಂಬೆಗಳನ್ನು ಮೋಟಾರು ಗರಗಸದಿಂದ ಇಳಿಸುವ ಕೆಲಸ. ನಲವತ್ತು ದಿನದ ಹಿಂದೆ ಅವನ ಜೊತೆಗಾರ, ಎಲ್ಲರೂ ಉದ್ದಣ್ಣ ಎನ್ನುತ್ತಿದ್ದವನು, ಮರದ ಮೇಲೇ ಸತ್ತ. ಗರಗಸ ಕೊಂಬೆಯ ಗಂಟಿಗೆ ಬಡಿದು ಹಿಂದಕ್ಕೆ ಚಿಮ್ಮಿ ತೊಡೆಗೆ ಬಿತ್ತು. ಔಷಧಿ ಪೆಟ್ಟಿಗೆ ಲಾರಿಯ ಕ್ಯಾಬಿನ್ನಿನಲ್ಲಿತ್ತು, ಕ್ಯಾಬಿನ್ನಿಗೆ ಬೀಗ ಹಾಕಿತ್ತು, ಬೀಗದ ಕೈ ಡ್ರೈವರ್ ಜೇಬಿನಲ್ಲಿತ್ತು, ಡ್ರೈವರ್ ಟೀ ಕುಡಿಯಲು ಹೋಗಿದ್ದ. ಉದ್ದಣ್ಣನನ್ನು ಕೆಳಗಿಳಿಸುವುದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಪಕ್ಕದ ಕೊಂಬೆಯಲ್ಲಿ ಅವನನ್ನು ಹಿಡಿದುಕೊಂಡಿದ್ದವನು ತಮ್ಮ.

ಆಮೇಲೆ ತಮ್ಮ ಕೆಲಸಕ್ಕೆ ಹೋಗಲಿಲ್ಲ. ಕೋಣೆಯಿಂದ ಕೋಣೆಗೆ ತಿರುಗಿದ. ಸೋರದಿದ್ದ ನಲ್ಲಿಯನ್ನು ಬಿಚ್ಚಿ ಸೋರುವ ಹಾಗೆ ಮಾಡಿದ. ನಾಳೆ ಮತ್ತೆ ಹೋಗುತ್ತಾನೆ. ಹೋಗಬೇಡ ಎಂದು ಅಕ್ಕ ಹೇಳಲಿಲ್ಲ. ಬೇರೆ ಕೆಲಸ ಅವನಿಗೆ ಬರುವುದಿಲ್ಲ, ಅವನು ಇನ್ನೊಂದು ವಾರ ಮನೆಯಲ್ಲಿದ್ದರೆ ಉಳಿದ ನಲ್ಲಿಗಳೂ ಉಳಿಯುವುದಿಲ್ಲ. ಆದರೆ ಪೆಟ್ಟಿಗೆ ಲಾರಿಯಲ್ಲಿರಬಾರದು, ಅವನ ಮೈಮೇಲಿರಬೇಕು. ಅಷ್ಟೇ ಅವಳ ಹಟ.

ಮೊದಲು ಹೊಲಿದ ಚೀಲ ದಿಂಬಿನಷ್ಟಿತ್ತು. ಜ್ವರದ ಮಾತ್ರೆ, ಹತ್ತಿ, ಥರ್ಮಾಮೀಟರು, ಹೊಟ್ಟೆ ನೋವಿನ ಔಷಧಿ, ನೋವಿನ ಮುಲಾಮು ಎಲ್ಲ ತುಂಬಿಸಿದ್ದಳು. ತಮ್ಮ ಅದನ್ನು ಎತ್ತಿ ತೂಗಿ ನೋಡಿದ್ದ.

"ಇದನ್ನ ಕಟ್ಕೊಂಡು ಹೋಗೋದಾ, ಇಲ್ಲ ಆಸ್ಪತ್ರೆನೇ ಹೊತ್ಕೊಂಡು ಮರ ಹತ್ತೋದಾ?"

"ಹೊತ್ಕೊ. ನಿನ್ನ ಬುದ್ಧಿಗಿಂತ ಭಾರ ಇದೆ ಅಷ್ಟೇ."

ಬೀದಿಯ ಕೊನೆಯ ಕ್ಲಿನಿಕ್ಕಿನ ನರ್ಸಮ್ಮ ತನ್ನ ಊಟದ ಬ್ಯಾಗಿನ ಹಿಡಿಕೆ ಹಾಕಿಸಲು ಬಂದಾಗ ಆ ದಿಂಬನ್ನು ನೋಡಿದಳು. ಕೇಳದೆಯೇ ಒಳಗಿನದ್ದನ್ನೆಲ್ಲ ತೆಗೆದು ಒಂದು ಕಡೆ ರಾಶಿ ಹಾಕಿದಳು.

"ಜ್ವರ ಬಂದ್ರೆ ಇಳಿದು ಬರ್ತಾನಮ್ಮ. ತಲೆ ನೋವು ಬಂದ್ರೂ ಇಳಿದು ಬರ್ತಾನೆ. ಇಳಿಯೋಕೆ ಆಗದೆ ಇರೋದಕ್ಕೆ ಮಾತ್ರ ಇದು."

ಹಳೆಯ ಬಿಲ್ಲೊಂದರ ಹಿಂದೆ ಆರು ವಸ್ತು ಬರೆದುಕೊಟ್ಟಳು. ಬಿಗಿಪಟ್ಟಿಯನ್ನು ಎಲ್ಲಿ ತರಿಸಬೇಕೆಂದೂ ಹೇಳಿದಳು, ನಕಲಿ ಮಾಲಾದರೆ ಬಿಗಿಸುವ ಕಡ್ಡಿ ತಿರುಗಿಸುವಾಗಲೇ ಮುರಿಯುತ್ತದೆ ಎಂದಳು. ಅದಕ್ಕೇ ಈ ಎರಡನೇ ಚೀಲ. ಎರಡು ಅಂಗೈ ಸೇರಿಸಿದಷ್ಟೇ ದೊಡ್ಡದು. ದಪ್ಪ ಕ್ಯಾನ್ವಾಸು, ಒಳಮೈಗೆ ನೀರು ಹೋಗದ ಅಸ್ತರಿ ಬಟ್ಟೆ, ಸುತ್ತ ಎರಡೆರಡು ಹೊಲಿಗೆ, ಜಿಪ್ಪಿನ ಮೇಲೊಂದು ಮುಚ್ಚಳ, ಮುಚ್ಚಳಕ್ಕೆ ಎರಡು ಒತ್ತು ಗುಂಡಿ. ಅಕ್ಕ ಅದನ್ನು ಗೋಡೆಗೆ ಎಸೆದು ನೋಡಿದ್ದಳು, ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದ್ದಳು. ಒಳಗೆ ಒಂದು ಹನಿ ಹೋಗಿರಲಿಲ್ಲ.

ಮಧ್ಯಾಹ್ನ ನರ್ಸಮ್ಮ ಬಂದಳು. ತಮ್ಮ ಒಳಗಿನಿಂದ ಬಂದು ಚೌಕಟ್ಟಿಗೆ ಒರಗಿ ನಿಂತ.

"ಚಂದ ಇದೆ," ಎಂದಳು ನರ್ಸಮ್ಮ. "ಬಾಪ್ಪಾ ಇಲ್ಲಿ. ಸೊಂಟಕ್ಕೆ ಕಟ್ಕೊ. ಬಲಗೈ ಬೆನ್ನ ಹಿಂದೆ ಇಡು. ಆ ಕೈ ಹೋಯ್ತು ಅಂತ ತಿಳ್ಕೊ. ಈಗ ಬಿಗಿಪಟ್ಟಿ ತೆಗಿ."

"ನಾನು ಹಾಕ್ಕೊಳ್ತೀನಿ ಅಂತ ಎಲ್ಲೂ ಹೇಳಿಲ್ಲ."

"ಹಾಕ್ಕೊಬೇಡ. ತೆಗಿ ಅಂದೆ ಅಷ್ಟೆ."

ತಮ್ಮ ಎಡಗೈಯಲ್ಲಿ ಮೊದಲ ಗುಂಡಿ ಕಿತ್ತ. ಎರಡನೆಯದು ಬರಲಿಲ್ಲ, ಚೀಲವೇ ಸೊಂಟದ ಹಿಂದಕ್ಕೆ ಜಾರಿತು. ಎಳೆದು ಮುಂದೆ ತಂದ. ಜಿಪ್ಪಿನ ರನ್ನರ್ ಬೆರಳಿಗೆ ಸಿಕ್ಕಿತು, ಆದರೆ ಚೀಲವನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಇರಲಿಲ್ಲ, ಎಳೆದ ಕಡೆಗೇ ಚೀಲವೂ ಬಂತು. ಕೊನೆಗೆ ಬಾಗಿ ಹಲ್ಲಿನಿಂದ ಹಿಡಿದು ಎಳೆದ. ಬಿಗಿಪಟ್ಟಿ ಕೈಗೆ ಬಂತು. ಅದರ ಮೇಲೆ ಕಂಪನಿಯ ಪ್ಲಾಸ್ಟಿಕ್ಕು ಹಾಗೇ ಇತ್ತು, ಒಂದು ಗೆರೆಯೂ ಬೀಳದ ಹಾಗೆ. ಅದನ್ನೂ ಹಲ್ಲಿನಿಂದ ಕಚ್ಚಿದ. ಜಾರಿತು. ಮತ್ತೆ ಕಚ್ಚಿದ.

ನರ್ಸಮ್ಮ ಗೋಡೆ ಗಡಿಯಾರ ನೋಡಿದಳು. "ಎರಡೂವರೆ ನಿಮಿಷ. ನೀನು ಹೋಗಿ ಆಯ್ತಪ್ಪ."

ಯಾರೂ ನಗಲಿಲ್ಲ. ಆಮೇಲೆ ನರ್ಸಮ್ಮನೇ ಪ್ಲಾಸ್ಟಿಕ್ಕನ್ನು ತಟ್ಟಿ ನಕ್ಕಳು.

"ಯಾಕಮ್ಮಾ ಇದನ್ನ ಬಿಚ್ಚಿಲ್ಲ? ಮದುವೆಗೆ ಕೊಡೋಕೆ ಇಟ್ಟಿದ್ಯಾ?"

"ಹೊಸದಲ್ವಾ," ಎಂದಳು ಅಕ್ಕ. "ಧೂಳು ಕೂತ್ಕೊಳ್ಳುತ್ತೆ ಅಂತ."

"ಕೂತ್ಕೊಳ್ಳಲಿ. ಪಟ್ಟಿ ಬಿಚ್ಚಿ, ಕುಣಿಕೆ ಅಗಲ ಮಾಡಿ, ಕಾಲು ತೂರಿಸಿದ್ರೆ ಎಳೆಯೋದೇ ಬಾಕಿ ಅನ್ನೋ ಹಾಗೆ ಮಡಿಸಿಡಬೇಕು. ಮತ್ತೆ ಈ ಜಿಪ್ಪು, ಈ ಗುಂಡಿ... ನೀನು ಇದನ್ನ ಕಳ್ಳರಿಗೆ ಸಿಗಬಾರದು ಅಂತ ಹೊಲಿದಿದ್ದೀಯ."

ಅಕ್ಕನ ಮುಖ ಬಿಗಿಯಿತು. ಚೀಲ ಎಂದರೆ ತಾನಾಗಿ ಬಿಚ್ಚಿಕೊಳ್ಳಬಾರದು, ಇಪ್ಪತ್ತು ವರ್ಷ ಅವಳ ಕೈ ಕಲಿತಿದ್ದು ಇಷ್ಟೇ. ಏನೋ ಹೇಳಲು ಬಾಯಿ ತೆರೆದಳು, ತಮ್ಮನ ಕೆಳದುಟಿಯಲ್ಲಿ ಪ್ಲಾಸ್ಟಿಕ್ಕು ಕೊಯ್ದ ಸಣ್ಣ ಗೆರೆ ಕಂಡಿತು. ಬ್ಲೇಡು ತೆಗೆದುಕೊಂಡು ಕೂತು ಹೊಲಿಗೆ ಬಿಚ್ಚತೊಡಗಿದಳು. ತನ್ನದೇ ಹೊಲಿಗೆ, ಸುಲಭಕ್ಕೆ ಬರಲಿಲ್ಲ.

ನರ್ಸಮ್ಮ ತನ್ನ ಬ್ಯಾಗಿನಿಂದ ಸವೆದ ಹಳೆಯ ಬಿಗಿಪಟ್ಟಿಯೊಂದನ್ನು ಮೇಜಿನ ಮೇಲಿಟ್ಟಳು. "ಅಭ್ಯಾಸಕ್ಕೆ ಇದು. ಹೊಸದನ್ನ ಮುಟ್ಟಬೇಡಿ. ಗಾಯದಿಂದ ನಾಲ್ಕು ಬೆರಳು ಮೇಲೆ, ಮಂಡಿ ಕೀಲಿನ ಮೇಲೆ ಮಾತ್ರ ಕಟ್ಟಬಾರದು. ರಕ್ತ ನಿಲ್ಲೋ ತನಕ ಪಟ್ಟಿಲಿರೋ ಈ ಕಡ್ಡಿ ತಿರುಗಿಸ್ಬೇಕು, ಕೊಕ್ಕೆಗೆ ಸಿಕ್ಕಿಸ್ಬೇಕು, ಗಂಟೆ ಎಷ್ಟು ಅಂತ ಬರೀಬೇಕು. ನೋಯುತ್ತೆ. ಬಿಡು ಅಂತ ಕೂಗ್ತಾರೆ. ಡಾಕ್ಟರು ನೋಡೋ ತನಕ ಬಿಡಬಾರದು."

ಕೊನೆಯ ಮಾತಿಗೆ ತಮ್ಮ ಒಳಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಕುಡಿಯಲಿಲ್ಲ, ಹಾಗೇ ಹರಿಯಲು ಬಿಟ್ಟು ನಿಂತ.

ಬೆಳಕು ಇಳಿಯುವ ಹೊತ್ತಿಗೆ ಮೂರನೇ ಚೀಲ ತಯಾರಾಯಿತು. ಜಿಪ್ಪಿಲ್ಲ, ಗುಂಡಿಯಿಲ್ಲ. ಮೂರು ಕಡೆ ವೆಲ್ಕ್ರೋ, ಮೇಲೆ ಬೆರಳು ತೂರುವಷ್ಟು ದೊಡ್ಡ ಕೆಂಪು ಕುಣಿಕೆ. ಎಳೆದರೆ ಮುಂಭಾಗ ಪೂರ್ತಿ ಕೆಳಗೆ ಬೀಳುತ್ತದೆ, ಬಿಗಿಪಟ್ಟಿ ಎದುರಿಗೇ ಇರುತ್ತದೆ. ಹಿಂದೆ ಎರಡು ಪಟ್ಟಿ, ಬೆಲ್ಟಿಗೆ ಸಿಕ್ಕಿಸಿದರೆ ಅಲ್ಲಾಡುವುದಿಲ್ಲ. ಅಕ್ಕನಿಗೆ ಅದನ್ನು ನೋಡಲು ಮುಜುಗರವಾಯಿತು. ಬಾಗಿಲಿಲ್ಲದ ಮನೆಯ ಹಾಗಿತ್ತು.

ತಮ್ಮ ಬೇಡ ಎನ್ನುತ್ತಲೇ ಅಭ್ಯಾಸಕ್ಕೆ ಕೂತ. ತನ್ನ ತೊಡೆಗೆ ಎಡಗೈಯಲ್ಲಿ ಕಟ್ಟಿಕೊಳ್ಳಲು ಮೊದಲ ಸಲ ಎಂಬತ್ತು ಸೆಕೆಂಡು, ನಾಲ್ಕನೇ ಸಲ ಮೂವತ್ತೈದು.

"ಈಗ ನನಗೆ ಕಟ್ಟು," ಎಂದಳು ಅಕ್ಕ. "ಬೇರೆಯವರಿಗೂ ಕಟ್ಟೋಕೆ ಬರಬೇಕಲ್ಲ."

ಪಟ್ಟಿ ಅವಳ ತೊಡೆಯ ಸುತ್ತ ಬಂತು. ತಮ್ಮ ಕಡ್ಡಿ ತಿರುಗಿಸಿದ. ಒಂದು ಸುತ್ತು. ಎರಡನೇ ಸುತ್ತಿಗೆ ಅಕ್ಕ ಮೇಜಿನ ಅಂಚು ಹಿಡಿದಳು. ಮೂರನೆಯದಕ್ಕೆ ಕಾಲು ತನ್ನದಲ್ಲ ಎನ್ನಿಸಿತು.

"ಸಾಕು, ಬಿಡೋ. ನೋಯ್ತಿದೆ."

ಅವನು ಕಡ್ಡಿಯನ್ನು ಬಿಡಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ.

"ಅವನೂ ಹಾಗೇ ಅಂದ," ಎಂದ. "ನನ್ನ ಬೆಲ್ಟು ಬಿಚ್ಚಿ ಕಟ್ಟಿದ್ದೆ. ಕೈಯಲ್ಲೇ ಎಳೆದು ಹಿಡಿದಿದ್ದೆ. ನೋಯುತ್ತೆ ಬಿಡೋ ಮಾರಾಯ ಅಂದ. ನಾನು ಬಿಟ್ಟೆ."

ಯಂತ್ರದ ಮೇಲಿನ ದೀಪ ಸಣ್ಣಗೆ ಗುಯ್ಯೆನ್ನುತ್ತಿತ್ತು. ನೀನು ಬಿಡದಿದ್ದರೂ ಅವನು ಹೋಗುತ್ತಿದ್ದ ಎನ್ನಬಹುದಿತ್ತು, ಅದು ನಿಜವೋ ಸುಳ್ಳೋ ಅಕ್ಕನಿಗೆ ಗೊತ್ತಿರಲಿಲ್ಲ. ಹಲ್ಲು ಕಚ್ಚಿ ಕಾಲನ್ನು ಹಾಗೇ ಇಟ್ಟಳು.

"ಕಡ್ಡಿ ಸಿಕ್ಕಿಸು," ಎಂದಳು. "ಗಂಟೆ ಬರಿ."

ಅವನು ಸಿಕ್ಕಿಸಿದ. ಮಾರ್ಕರಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದು ಪಟ್ಟಿಯ ಮೇಲೆ ಆರು ಹತ್ತು ಎಂದು ಬರೆದ. ಅಕ್ಷರ ಸೊಟ್ಟಗಿತ್ತು, ಓದಲು ಬರುತ್ತಿತ್ತು.

"ಈಗ ಬಿಚ್ಚು. ನಾನೇನು ಸಾಯ್ತಿಲ್ಲ."

ಬಿಚ್ಚಿದ. ಕಾಲಿಗೆ ಜೀವ ವಾಪಸ್ ಬರುವಾಗ ಇನ್ನೂ ಹೆಚ್ಚು ನೋಯಿತು. ಅವಳು ಕುಂಟುತ್ತಾ ಹೋಗಿ ಚೀಲವನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು.

"ನಾಳೆ ಹಾಕ್ಕೊಂಡು ಹೋಗು."

"ಮರದ ಮೇಲೆ ಯೋಚ್ನೆ ಬರಬಾರದು ಅಕ್ಕಾ. ಅದು ಸೊಂಟಕ್ಕೆ ತಾಗಿದಾಗೆಲ್ಲ ನಂಗೆ ಅವನೇ ಬರ್ತಾನೆ. ಗರಗಸದ ಮಷಿನ್ ಹಿಡ್ಕೊಂಡಾಗ ಅವನು ಬಂದ್ರೆ ಇನ್ನೂ ಕಷ್ಟ."

"ಲಾರಿಲಿ ಇಟ್ರೆ ಬರಲ್ವಾ ಅವನು?"

ತಮ್ಮ ಎದ್ದು ಒಳಗೆ ಹೋದ.

ಬೆಳಿಗ್ಗೆ ಅಕ್ಕ ಸ್ನಾನ ಮುಗಿಸಿ ಬರುವಷ್ಟರಲ್ಲಿ ಲಾರಿ ಬಂದು ಹೋಗಿತ್ತು. ಮೊಳೆ ಖಾಲಿ. ಒಂದು ಕ್ಷಣ ಉಸಿರು ಸಲೀಸಾಯಿತು, ಅಷ್ಟೇ. ಒಯ್ದಿದ್ದಾನೆ, ಸರಿ. ಕಟ್ಟಿಕೊಂಡಿದ್ದಾನೋ, ಅವಳ ಬಾಯಿ ಮುಚ್ಚಿಸಲು ಒಯ್ದು ಕ್ಯಾಬಿನ್ನಿನಲ್ಲಿ ಎಸೆದಿದ್ದಾನೋ? ಹಳೆಯ ಪೆಟ್ಟಿಗೆಯ ಪಕ್ಕದಲ್ಲಿ, ಅದೇ ಬೀಗದೊಳಗೆ?

ಪ್ರಯಾಣದ ಬ್ಯಾಗಿನವನು ಬಂದು ಜಗಳವಾಡಿ ಹೋದ. ಹೊಲಿಯಲು ಕೂತಳು, ದಾರ ಎರಡು ಸಲ ಕಿತ್ತುಹೋಯಿತು. ಫೋನನ್ನು ಮೇಜಿನ ಈ ತುದಿಯಲ್ಲಿಟ್ಟಳು, ಆ ತುದಿಯಲ್ಲಿಟ್ಟಳು, ಕೊನೆಗೆ ಮಡಿಲಲ್ಲಿಟ್ಟಳು. ತಾನಾಗಿ ಮಾಡುವಂತಿಲ್ಲ. ಮರದ ಮೇಲಿರುವವನಿಗೆ ಫೋನು ಮಾಡಬಾರದು.

ಹನ್ನೊಂದರ ಹೊತ್ತಿಗೆ ಅದೇ ಬಡಿದುಕೊಂಡಿತು. ತಮ್ಮನ ನಂಬರು.

"ಅಕ್ಕಾ, ಎಂಥ ಚೀಲ ಹೊಲಿದ್ಯೇ ನೀನು?"

"ಏನಾಯ್ತು?"

"ಆ ಕೆಂಪು ಕುಣಿಕೆ ಕೊಂಬೆಗೆ ಸಿಕ್ಕಾಕ್ಕೊಂಡು ಫರ್ ಅಂತ ತೆರ್ಕೊಂಡುಬಿಡ್ತು. ಒಳಗಿದ್ದದ್ದೆಲ್ಲ ಕೆಳಗೆ. ಕತ್ತರಿ ನೆಟ್ಟಗೆ ಹಗ್ಗದ ಮಾವನ ತಲೆ ಮೇಲೆ. ಹೆಲ್ಮೆಟ್ ಇತ್ತು, ಉಳ್ಕೊಂಡ. ನಿನ್ನನ್ನ ಬೈತಾ ಇದ್ದಾನೆ, ಕೇಳ್ತಾ ಇದ್ಯಾ?"

ಕೇಳುತ್ತಿತ್ತು. ಕೆಳಗೆ ನಿಂತು ಹಗ್ಗ ಹಿಡಿಯುವ, ಎಲ್ಲರೂ ಮಾವ ಎನ್ನುವವನ ದೊಡ್ಡ ಗಂಟಲು, ದೂರದಿಂದ. ಅಕ್ಕ ಎದ್ದು ನಿಂತಳು. ಚೀಲ ಅವನ ಸೊಂಟದಲ್ಲಿತ್ತು. ಸೊಂಟದಲ್ಲಿದ್ದದ್ದಕ್ಕೇ ಬಿದ್ದಿದೆ. ಮರುಗಳಿಗೆಗೆ ಇನ್ನೊಂದು ಹೊಳೆಯಿತು.

"ನೀನೀಗ ಎಲ್ಲಿದ್ದೀಯ?"

"ಮೇಲೆ."

"ಬಿಗಿಪಟ್ಟಿ?"

"ಕೆಳಗೆ."

"ಮಷಿನ್ನು?"

"ಆಫ್ ಆಗಿದೆ."

"ಆನ್ ಮಾಡಬೇಡ. ಅದು ಮೇಲೆ ಬರೋ ತನಕ ಕೈ ಹಾಕಬೇಡ. ಮಾವನಿಗೆ ಹೇಳು, ಬಕೆಟ್ಟಲ್ಲಿ ಹಾಕಿ ಹಗ್ಗದಲ್ಲಿ ಕಳಿಸಲಿ."

"ಅದನ್ನೇ ಹೇಳಿದ್ದೀನಿ. ಹೆಕ್ತಾ ಇದ್ದಾನೆ. ಅದು ಬರೋ ತನಕ ಸುಮ್ನೆ ಕೂತಿದ್ದೀನಿ, ಅದಕ್ಕೇ ನಿಂಗೆ ಫೋನ್ ಮಾಡಿದ್ದು."

ಫೋನಿನೊಳಗೆ ಎಲೆಗಳ ಸದ್ದು, ಎಲ್ಲೋ ಒಂದು ಬಸ್ಸಿನ ಹಾರ್ನು, ಆಮೇಲೆ ರಾಟೆ ಕಿರ್ ಕಿರ್ ಎನ್ನತೊಡಗಿತು. ಅಕ್ಕ ಕಾಲು ಬದಲಾಯಿಸಿ ನಿಂತಳು. ನಿನ್ನೆ ಬಿಗಿದ ಜಾಗ ಇನ್ನೂ ನೋಯುತ್ತಿತ್ತು. ರಾಟೆ ನಿಂತಿತು.

"ಬಂತಾ?"

"ಬಂತು."

"ಎಲ್ಲಾ ಇದ್ಯಾ, ಎಣಿಸು."

"ಪಟ್ಟಿ ಇದೆ. ಬ್ಯಾಂಡೇಜು. ಬಟ್ಟೆ ಎರಡು. ಕೈಗವಸು ಕಾಣ್ತಿಲ್ಲ... ಇಲ್ಲಿದೆ. ಕತ್ತರಿ. ಪೆನ್ನು ಮಾವ ತನ್ನ ಜೇಬಲ್ಲಿ ಇಟ್ಕೊಂಡಿರಬೇಕು."

"ಇಸ್ಕೊ."

"ಇಸ್ಕೊಳ್ತೀನಿ ಮಾರಾಯ್ತಿ."

"ಸಂಜೆ ಚೀಲ ಕೊಡು. ಆ ಕುಣಿಕೆ ಒಳಗೆ ಮಡಚಿ ಹೊಲೀಬೇಕು. ಬೆರಳಿಗೆ ಸಿಗಬೇಕು, ಕೊಂಬೆಗೆ ಸಿಗಬಾರದು."

"ಇನ್ನೂ ಎಷ್ಟು ಸಲ ಹೊಲಿತೀಯ ಇದನ್ನ?"

ಕೇಳಿದ ಬೆನ್ನಿಗೇ ಅವನು ಪೆನ್ನಿಗಾಗಿ ಮಾವನನ್ನು ಕೂಗುತ್ತಿದ್ದ. ರಾಟೆ ಮತ್ತೆ ಕಿರ್ ಎಂದಿತು. ಆಮೇಲೆ ವೆಲ್ಕ್ರೋ ಒತ್ತಿದ ಸದ್ದು, ಒಂದಲ್ಲ, ಮೂರು ಕಡೆಯದೂ. ಆಮೇಲೆ ಫೋನು ಕಟ್ಟಾಯಿತು.

ಅವಳು ಅರ್ಧ ಹೊಲಿದ ಬ್ಯಾಗನ್ನು ಪಕ್ಕಕ್ಕೆ ತಳ್ಳಿ ಕೆಂಪು ಪಟ್ಟಿಯ ಒಂದು ತುಂಡು ಕತ್ತರಿಸಿಕೊಂಡಳು. ಬೆರಳಿಗೆ ಸುತ್ತಿ ಅಳತೆ ನೋಡಿದಳು. ತನ್ನ ಬೆರಳು ಸಣ್ಣದು, ಅವನದು ದಪ್ಪ. ಇನ್ನು ಸ್ವಲ್ಪ ಉದ್ದ ಬಿಡಬೇಕು.