ಥಿರ್ಜಾಳ ಕೈಗೆ ಕೂರುವ ಹಿಡಿ

ಕೋಲಿನ ಹಿಡಿಯ ಬಾಗು ಸರಿಯಾಗಿದೆಯೇ ಎಂದು ತಿಳಿಯಲು ಚೆವಿಯಟ್ ಗುಡ್ಡಗಳ ಕುರಿಗಾಹಿಗಳು ತಮ್ಮ ನಾಲ್ಕು ಬೆರಳುಗಳನ್ನೇ ಅದರೊಳಗೆ ತೂರಿಸಿ ನೋಡುತ್ತಾರೆ. ನೆಟ್ಟಿಯೂ ಹಾಗೇ ಮಾಡಿದಳು. ಬೆರಳುಗಳು ಹಿತವಾಗಿ ಕೂತವು. ಅರದಲ್ಲಿ ಉಜ್ಜಿ, ಉಪ್ಪುಕಾಗದದಲ್ಲಿ ತಿಕ್ಕಿ, ಹಿಡಿಗೆಂದು ಬಾಗಿಸಿದ ಟಗರಿನ ಕೊಂಬನ್ನು ಜೇನಿನ ಬಣ್ಣಕ್ಕೆ ತಂದಿದ್ದಳು. ತುದಿಯಲ್ಲಿ ಪುಟ್ಟದೊಂದು ಮುಳ್ಳುಗಿಡದ ಹೂವನ್ನೂ ಕೆತ್ತಿದ್ದಳು.

ಕೋಲು ಗಂಡನ ಅಕ್ಕ ಥಿರ್ಜಾಳಿಗೆ. ಗೆಣ್ಣುಗಳು ಊದಿ, ಸೊಂಟ ಹಿಡಿದು, ಥಿರ್ಜಾ ಗುಡ್ಡ ಹತ್ತುವುದನ್ನೇ ಬಿಟ್ಟಿದ್ದಳು. ತನ್ನ ಕುರಿಗಳನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಮಂದೆಯನ್ನು ಗುಡ್ಡದಿಂದ ಇಳಿಸುವ ದಿನ ಹತ್ತಿರವಾಗಿತ್ತು. ಈ ಸಲವೂ ಹೋಗಲಾಗದಿದ್ದರೆ ಎಲ್ಲವನ್ನೂ ಮಾರಿಬಿಡುತ್ತೇನೆ ಎಂದಿದ್ದಳು.

ನೆಟ್ಟಿ ಪಟ್ಟಣದ ಹುಡುಗಿ. ಮದುವೆಯಾಗಿ ಬಂದ ಹೊಸತರಲ್ಲಿ ಉಣ್ಣೆ ಕತ್ತರಿಸುವ ಕಣದಲ್ಲಿ ಎಲ್ಲರೂ ಅವಳನ್ನು ನೋಡಿ ನಕ್ಕಾಗ, ಥಿರ್ಜಾ ಒಬ್ಬಳೇ ಪಕ್ಕಕ್ಕೆ ಕರೆದು ಉಣ್ಣೆ ಸುತ್ತುವುದನ್ನು ಕಲಿಸಿದ್ದಳು. ಗಂಡ ತೀರಿಕೊಂಡ ಚಳಿಗಾಲದಲ್ಲಿ ಮಾತಿಲ್ಲದೆ ಬಂದು ಒಲೆ ಹಚ್ಚಿಕೊಟ್ಟು ಹೋಗುತ್ತಿದ್ದಳು. ಅದಕ್ಕೆಲ್ಲ ನೆಟ್ಟಿ ಏನೂ ಹೇಳಿರಲಿಲ್ಲ. ಹೇಳಹೊರಟರೆ ಥಿರ್ಜಾ ಎದ್ದು ಹೋಗುವವಳು. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಈ ಕೊಂಬಿಗೆ ಹಾಕಿದ್ದಳು. ಅದು ಥಿರ್ಜಾಳ ಸತ್ತುಹೋದ ಮೆಚ್ಚಿನ ಟಗರಿನದು. ಜೊತೆಯ ಕೊಂಬು ಸೀಳಿಹೋಗಿ, ಇದೊಂದೇ ಉಳಿದಿತ್ತು.

ಹಿಡಿಯನ್ನು ಕೋಲಿಗೆ ಅಂಟಿಸುವ ಮೊದಲು ಥಿರ್ಜಾಳನ್ನು ಕರೆದಳು.

"ಅಬ್ಬಬ್ಬಾ, ರಾಣಿಗೆ ಮಾಡಿದ ಹಾಗಿದೆಯಲ್ಲೇ!" ಎನ್ನುತ್ತ ಥಿರ್ಜಾ ಕೈ ಹಾಕಿದಳು. ಎರಡು ಬೆರಳು ಹೋಗಿ ಗೆಣ್ಣು ಸಿಕ್ಕಿಕೊಂಡಿತು. ಮೆಲ್ಲಗೆ ಬಿಡಿಸಿಕೊಂಡು ನಕ್ಕಳು. "ಗೋಡೆಗೆ ತೂಗುಹಾಕ್ತೀನಿ ಬಿಡು. ಬಂದೋರು ನೋಡ್ಲಿ."

ನೆಟ್ಟಿಯ ಮುಖ ಬಿಸಿಯಾಯಿತು. ಕೆಲಸದುದ್ದಕ್ಕೂ ಥಿರ್ಜಾಳ ಹಿಗ್ಗಿದ ಮುಖವನ್ನು ಕಣ್ಣೆದುರು ಇಟ್ಟುಕೊಂಡಿದ್ದಳು. ಅವಳ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.

ರೊಟ್ಟಿಗೆಂದು ಕಲಸಿಟ್ಟಿದ್ದ ಹಿಟ್ಟಿನ ಮುದ್ದೆ ತಂದು ಮುಂದಿಟ್ಟಳು. "ಹಿಡ್ಕೋ ಇದನ್ನ. ಗುಡ್ಡ ಹತ್ತೋವಾಗ ಹಿಡೀತೀಯಲ್ಲ, ಹಾಗೆ."

"ನನ್ನ ಕೈನ ಬೇಯಿಸಿ ತಿಂತೀಯೇನೇ?"

"ಹಿಡಿ ಸುಮ್ನೆ."

ಆ ಅಚ್ಚಿನ ಅಳತೆಗೆ ನೆಟ್ಟಿ ಮರದ ತುಂಡೊಂದನ್ನು ಕೆತ್ತಿದಳು. ಮುಗಿದ ಕೊಂಬನ್ನು ಮತ್ತೆ ಕಾಯಿಸಬೇಕಿತ್ತು. ಕಾವು ಕಡಿಮೆಯಾದರೆ ಮುರಿಯುತ್ತದೆ, ಹೆಚ್ಚಾದರೆ ಪದರ ಬಿಡುತ್ತದೆ. ಕೂದಲು ಸುಟ್ಟಂಥ ವಾಸನೆ ಕೊಟ್ಟಿಗೆಯನ್ನೆಲ್ಲ ತುಂಬಿತು.

"ಬದುಕಿದ್ದಾಗ್ಲೂ ನಮ್ಮ ಟಗರು ಹೀಗೇ ನಾರ್ತಿದ್ದ," ಎಂದಳು ಥಿರ್ಜಾ.

ಕೊಂಬು ಮೆತ್ತಗಾದೊಡನೆ ನೆಟ್ಟಿ ಅದನ್ನು ಮರದ ಸುತ್ತ ಬಾಗಿಸಿ, ಮೇಜಿನ ತಿರುಪಿನ ಇಕ್ಕಳದೊಳಗೆ ಹಿಡಿದಳು. ಥಿರ್ಜಾ ಅಂಗೈಯ ಬುಡದಿಂದ ಒತ್ತಿ ಒತ್ತಿ ಅದರ ತಿರುಪನ್ನು ಬಿಗಿ ಮಾಡಿದಳು. ಮುಳ್ಳುಹೂ ಚಪ್ಪಟೆಯಾಯಿತು. ಒಂದು ಕಡೆ ಕಂದುಬಣ್ಣದ ಸುಟ್ಟಕಲೆ ಬಿತ್ತು. ಯಾವ ಮೇಳದ ಕೋಲು-ಸ್ಪರ್ಧೆಯ ತೀರ್ಪುಗಾರನೂ ಅದರತ್ತ ತಿರುಗಿ ನೋಡುತ್ತಿರಲಿಲ್ಲ.

ಆರಿದ ಹಿಡಿಯನ್ನು ಕೋಲಿಗೆ ಅಂಟಿಸಿದ ಮೇಲೆ ಥಿರ್ಜಾ ಕೈ ಹಾಕಿದಳು. ಊದಿದ ಗೆಣ್ಣುಗಳೆಲ್ಲ ಒಳಗೆ ಕೂತವು. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಕಣ್ಣು ಮುಚ್ಚಿ ನಿಂತಳು. ನೆಟ್ಟಿ ಬಾಯಿ ತೆರೆದಳು.

"ಏನೂ ಹೇಳ್ಬೇಡ," ಎಂದಳು ಥಿರ್ಜಾ ಕಣ್ಣು ಮುಚ್ಚಿಕೊಂಡೇ. "ಗೊತ್ತು ನಂಗೆ."

ಮಂದೆ ಇಳಿಸುವ ದಿನ ಥಿರ್ಜಾ ಎಲ್ಲರಿಗಿಂತ ಹಿಂದೆ, ನಿಂತು ನಿಂತು ಗುಡ್ಡ ಹತ್ತಿದಳು. ಮೇಲಿನ ಕಲ್ಲುಗೋಡೆಯ ಹತ್ತಿರ ನಾಯಿಗೆ ಅವಳು ಹಾಕಿದ ಸಿಳ್ಳು ಕಣಿವೆಗೆಲ್ಲ ಕೇಳಿಸಿತು. ನೆಟ್ಟಿ ಕಣ್ಣೊರೆಸಿಕೊಳ್ಳುತ್ತ ಕೆಳಗೇ ನಿಂತಿದ್ದಳು.

"ಅಲ್ಲೇನು ಬೇರು ಬಿಟ್ಯೇನೇ? ಆ ಕಡೆ ಕುರಿಗಳನ್ನ ಯಾರು ತಿರುಗಿಸ್ತಾರೆ?" ಎಂದು ಥಿರ್ಜಾ ಮೇಲಿನಿಂದ ಕೂಗಿದಳು.

ನೆಟ್ಟಿ ಲಂಗವನ್ನು ಎತ್ತಿಹಿಡಿದು ಓಡಿದಳು.