ಬಲಗಾಲಿನ ಬೂಟು

ಅವ್ವನಿಗೆ ಹೇಳುವುದಿಲ್ಲ ಎಂದು ನಂದಾ ಅಪ್ಪನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದು ಪಿಯುಸಿ ಓದುವಾಗ. ಈಗ ಅವಳು ಹಿತ್ತಲ ಕಲ್ಲಿನ ಮೇಲೆ ಕೂತು, ಹಳೆಯ ಹಲ್ಲಿನ ಬ್ರಶ್ಶಿಗೆ ಬಿಳಿ ಪೇಸ್ಟು ಹಚ್ಚಿ, ಅಪ್ಪನ ಬಲಗಾಲಿನ ಬೂಟಿನ ಮೂತಿಯನ್ನು ತಿಕ್ಕುತ್ತಿದ್ದಳು. ಆಸ್ಪತ್ರೆಯವರು ಎರಡೂ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಎಡದ್ದು ನೆಟ್ಟಗಿತ್ತು. ಬಲದ್ದರ ಮೂತಿ ನೆಲಕ್ಕೆ ಉಜ್ಜಿ ಬೆಳ್ಳಗಾಗಿತ್ತು. ಅಪ್ಪ ಕೆಲಸಕ್ಕೆ ಹೋದ ಕೊನೆಯ ದಿನದ ಗೀರು ಅದು. ಅದನ್ನು ತೆಗೆಯಲು ಅವನು ಸಂಜೆ ಮನೆಗೆ ಬಂದಿರಲಿಲ್ಲ. ಗೇಟಿನ ಮೆಟ್ಟಿಲಿಗೆ ಕಾಲು ತಾಗಿ ಬಿದ್ದವನು ತಲೆ ಒಡೆದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಅಲ್ಲೇ ತೀರಿಕೊಂಡಿದ್ದ.

ಅಂಗಳದಲ್ಲಿ ನೀರು ಹೊಯ್ಯುವ ಸದ್ದು. ಅಪ್ಪ ಮಡಿವಾಳೆಪ್ಪನಿಗೆ ಜಳಕ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಿಸಿ ಕೂರಿಸಬೇಕು. ಕೂತವನನ್ನು ಕೂತಂತೆಯೇ ಮಣ್ಣಿಗೆ ಒಯ್ಯಬೇಕು. ಅಣ್ಣತಮ್ಮಂದಿರ ಪೈಕಿ ಹಿರಿಯ ಹೊಳಬಸಪ್ಪ ಕಾಲು ಹಿಡಿದಿದ್ದ.

"ಇದೇನ್ಪಾ ಇದು," ಎಂದ ಅವನ ದನಿ ಹಿತ್ತಲಿಗೂ ಕೇಳಿತು. "ಎಡಗಾಲ ನೋಡ್ರಿ, ಬಲಗಾಲ ನೋಡ್ರಿ. ಮೀನಖಂಡ ಅಂಬೂದ ಇಲ್ಲ. ಜ್ವಾಳದ ದಂಟ ಆಗೇತಿ."

ನಂದಾಳ ಕೈ ನಿಂತಿತು. ಮತ್ತೆ ತಿಕ್ಕಿದಳು.

*

ಪಿಯುಸಿ ಓದುವಾಗಲೂ ಇದೇ ಕಲ್ಲು. ಮಡಿವಾಳೆಪ್ಪ ಕಲಘಟಗಿಯ ಒಂದು ಖಾಸಗಿ ಶಾಲೆಯ ಗೇಟು ಕಾಯುತ್ತಿದ್ದ. ಮಿಶ್ರಿಕೋಟಿಯಿಂದ ಮೊದಲ ಬಸ್ಸಿಗೆ ಹೋಗಬೇಕು. ಹೋದ ಕೂಡಲೆ ಸುಪರ್‌ವೈಜರ್ ಕಾವಲಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೂಟು ನೋಡುತ್ತಿದ್ದ.

"ಅಪ್ಪಾ, ಒಂದ ಬೂಟ್ ಯಾಕ ಹಿಂಗ ಸವೀತೇತಿ?"

"ಪಾದ ಮ್ಯಾಲ ಏಳವಲ್ದು." ಬೇರೆ ಯಾರದೋ ಕಾಲಿನ ಸುದ್ದಿ ಹೇಳಿದ ಹಾಗೆ ಹೇಳಿದ್ದ. "ಸ್ವಾಂಟದಿಂದ ಜೋಮು ಇಳೀತೇತಿ. ಕಣ್ಣು ಮಂಜಾಗ್ಯಾವಂತ ಹಸನಸಾಬನ್ನ ಬಿಡಿಸ್ಯಾರ. ಕಾಲ ಎಳ್ಯಾಂವನ್ನ ಇಟ್ಕೋತಾರೇನ? ನಿಮ್ಮವ್ವಗ ಗೊತ್ತಾತಂದ್ರ ನಾಳೇನ ನೌಕರಿ ಬಿಡಸ್ತಾಳ. ನಿನ್ನ ನರ್ಸಿಂಗ್ ಮುಗೀಲಿ, ತೋರಸೂಣು. ಹೇಳೂದಿಲ್ಲಂತ ಮಾತ ಕೊಡು."

ಕೊಟ್ಟಳು. ಗೀರು ತೆಗೆಯುವುದನ್ನು ಅವನೇ ಕಲಿಸಿದ. ಪೇಸ್ಟನ್ನು ಸುತ್ತು ಸುತ್ತಾಗಿ ತಿಕ್ಕಿ ಹಸಿ ಬಟ್ಟೆಯಿಂದ ಒರೆಸುವುದು. ಬಣ್ಣ ಹೋದಲ್ಲಿ ದೀಪದ ಕಾಡಿಗೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬೆರಳಿನಿಂದ ತುಂಬುವುದು. ಕೊನೆಗೆ ಹಳೆಯ ಬನಿಯನ್ನಿನಿಂದ ಹೊಳೆಯುವಂತೆ ಉಜ್ಜುವುದು.

ನರ್ಸಿಂಗ್ ಮುಗಿಯಿತು. ಕಾಲಿನ ನರ ಸಾಯುತ್ತಿದೆ ಎಂದು ತಿಳಿಯುವಷ್ಟು ಓದಿದ ಮೇಲೆ ನಂದಾ ದವಾಖಾನೆಗೆ ಕರೆದಳು. "ನಿನ್ನ ತಮ್ಮಂದು ಡಿಪ್ಲೊಮಾ ಮುಗೀಲಿ," ಎಂದ. ಅದು ಮುಗಿದ ಮೇಲೆ ಅವಳ ಮದುವೆ ಬಂತು. ತವರಿಗೆ ಬಂದಾಗೆಲ್ಲ ಅವನು ಇದೇ ಕಲ್ಲಿನ ಮೇಲೆ ಒಬ್ಬನೇ ಕೂತು ತಿಕ್ಕುತ್ತಿದ್ದ. "ಮಾತ ಕೊಟ್ಟೀ ಮತ್ತ," ಎಂದು ನಗುತ್ತಿದ್ದ.

*

ಗೋಡೆಗೆ ಹಲಗೆ ಕೊಟ್ಟು ಮಡಿವಾಳೆಪ್ಪನನ್ನು ಕೂರಿಸಿದ್ದರು. ಪಡಸಾಲೆಯ ತುಂಬ ಹೆಂಗಸರು. ಅವನ ತಂಗಿ ನೀಲವ್ವ ಅತ್ತು ಅತ್ತು ದನಿ ಬಿದ್ದ ಮೇಲೆ ಅತ್ತಿಗೆಯ ಕಡೆ ತಿರುಗಿದಳು.

"ಇಷ್ಟ ವರ್ಷ ಮಗ್ಗಲಾಗ ಮಲಗಿ ಗಂಡನ ಕಾಲ ಒಣಗಿದ್ದ ಕಾಣಲಿಲ್ಲೇನ ನಿನಗ? ಡಾಕ್ಟರೂ ಕೇಳಿದ್ನಂತಲ್ಲ, ಮನ್ಯಾಗ ಯಾರೂ ನೋಡಿಲ್ಲೇನಂತ."

"ಬ್ಯಾಸಗ್ಯಾಗೂ ಕಾಲ ಮ್ಯಾಲ ಕೌದಿ ಹೊಚ್ಕೋತಿದ್ರು," ಎಂದಳು ಅನ್ನವ್ವ. "ಥಂಡಿ ಅಂತಿದ್ರು."

"ನೀ ನಂಬಿದಿ."

"ನಂಬಿದ್ನೆವ್ವಾ."

ಹಿಂದೆ ಮಡಿವಾಳೆಪ್ಪನ ಜೊತೆ ಗೇಟು ಕಾದಿದ್ದ ಹಸನಸಾಬ ಬಾಗಿಲಲ್ಲಿ ನಿಂತು ಟೊಪ್ಪಿಗೆ ಸರಿಮಾಡಿಕೊಂಡ. "ಹಂಗ ಅನಬ್ಯಾಡ್ರಿ ಅಕ್ಕಾರ. ಅವನ ಬೂಟಿನಾಗ ಮಾರಿ ನೋಡಿ ಮೀಸಿ ತಿದ್ಕೋಬಹುದಿತ್ತು. ಸುಪರ್‌ವೈಜರ್ ಅವನ ಕಾಲ ತೋರ್ಸಿ ನಮ್ಮನ್ನ ಬೈತಿದ್ದ. ಅಂಥಾ ಕಾಲಾಗ ರೋಗ ಐತಂತ ಯಾರಿಗೆ ಗೊತ್ತಾಗಬೇಕ್ರಿ?"

"ನಿಮಗ ಗೊತ್ತಾಗದಿದ್ರ ಚಿಂತಿಲ್ಲ. ಕಟಗೊಂಡಾಕಿಗೆ ಗೊತ್ತಾಗಬೇಕಿತ್ತು."

ಅನ್ನವ್ವ ತಲೆ ತಗ್ಗಿಸಿದಳು. ನಂದಾ ಬಾಯಿ ತೆರೆದಳು. ಎದುರಿಗೆ ಅಪ್ಪ ಕೂತಿದ್ದ. ಬಲಗಾಲನ್ನು ಎಡಗಾಲಿನ ಕೆಳಗೆ ಸೇರಿಸಿ ಹೊಸ ಪಂಚೆ ಮುಚ್ಚಿದ್ದರು.

"ಅವ್ವಗ ಯಾರರ ಒಂದೀಟ ನೀರ ಕೊಡ್ರಿ," ಎಂದಳು.

*

ಮಣ್ಣು ಕೊಟ್ಟು ಬಂದ ಮಂದಿ ಚದುರಿದರು. ನೀಲವ್ವ ಹೋಗುವಾಗ ಅತ್ತಿಗೆಗೆ ಹೋಗಿಬರುತ್ತೇನೆ ಎಂದು ಕೂಡ ಹೇಳಲಿಲ್ಲ. ಅನ್ನವ್ವ ಹಿತ್ತಲಿನಿಂದ ಬೂಟುಗಳನ್ನು ತಂದು, ಮುಂದೆ ಜೋಡಿಸಿಕೊಂಡು, ಬಹಳ ಹೊತ್ತು ನೋಡಿದಳು.

"ನೋಡವ್ವಾ, ಎರಡೂ ಸಮ ಅದಾವ. ಕಾಲ ಎಳೀತಿದ್ರ ಬೂಟರ ಹೇಳತಿತ್ತಲ್ಲ ನನಗ."

ನಂದಾ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಉಗುರಿನಲ್ಲಿ ಕಾಡಿಗೆ ಹಾಗೇ ಇತ್ತು.

"ನೀ ನರ್ಸ ಇದ್ದಿ. ನಿನಗೇನರ ಗೊತ್ತಿತ್ತೇನ?"

"ಇಲ್ಲಬೇ."

"ಹಂಗಾರ ನಂದ ತಪ್ಪು."

ಅನ್ನವ್ವ ಬೂಟುಗಳನ್ನು ಸೆರಗಿನಿಂದ ಒರೆಸಿದಳು. ಕೆಲಸಕ್ಕೆ ಹೊರಡುವವನಿಗೆ ದಿನಾ ಇಡುತ್ತಿದ್ದಂತೆ ಮೂತಿಯನ್ನು ಬಾಗಿಲ ಕಡೆ ಮಾಡಿ ಹೊಸ್ತಿಲ ಪಕ್ಕದಲ್ಲಿಟ್ಟಳು. ಬಿಳಿ ಸೆರಗಿಗೆ ಬಲಗಾಲಿನ ಬೂಟಿನ ಕಪ್ಪು ಹತ್ತಿತ್ತು. ಅದನ್ನು ಅವಳು ನೋಡಲಿಲ್ಲ.

ನಂದಾ ಕೊಟ್ಟ ಮಾತು ಉಳಿಸಿಕೊಂಡಳು.