ಎಬ್ಬಿಸುವವಳು

ವಿದ್ಯಾನಗರದ ನಮ್ಮ ಪಿಜಿಯಲ್ಲಿ ಪರೀಕ್ಷೆ ಬಂತೆಂದರೆ ನನಗೆ ಎಲ್ಲಿಲ್ಲದ ಮರ್ಯಾದೆ. ಹದಿಮೂರು ಹುಡುಗಿಯರು ನನ್ನ ಬಾಗಿಲಿಗೆ ಚೀಟಿ ಅಂಟಿಸಿ ಮಲಗುತ್ತಾರೆ: ಸಂಧ್ಯಾ ಐದಕ್ಕೆ, ಮೋನಿಕಾ ಐದೂವರೆಗೆ. ಮೊಬೈಲಿನ ಅಲಾರಾಂ ಆದರೆ ಆಫ್ ಮಾಡಿ ಮಲಗಬಹುದಂತೆ, ನಾನು ಬಿಡುವುದಿಲ್ಲವಂತೆ. ಹೌದು ಮತ್ತೆ, ಹೊದಿಕೆ ಎಳೆದುಕೊಂಡೇ ಹೋಗುತ್ತೇನೆ. ಇವಳು ಮಲಗುವುದು ಯಾವಾಗ ಎಂದು ಒಬ್ಬರೂ ಕೇಳಲಿಲ್ಲ. ಆರು ತಿಂಗಳಿಂದ ನಿದ್ದೆಯಿಲ್ಲ ಎಂದು ನಾನೂ ಹೇಳಲಿಲ್ಲ. ಬೇರೆಯವರ ಬಾಗಿಲು ಬಡಿಯುವಷ್ಟು ಹೊತ್ತು ನನ್ನ ಪೇಪರಿನ ಭಯ ಮರೆತಿರುತ್ತಿತ್ತು.

ನನ್ನ ಪೇಪರ್ ಎಂದರೆ ಎಂ.ಕಾಂ. ಮೊದಲ ಸೆಮಿಸ್ಟರಿನ ಸ್ಟ್ಯಾಟಿಸ್ಟಿಕ್ಸ್. ಎರಡು ಸಲ ಫೇಲಾಗಿದ್ದೆ. ಈ ಸಲವೂ ಹೋದರೆ ಇನ್ನೊಂದು ವರ್ಷ ಹೋದಂತೆ. ಇದು ಭದ್ರಾವತಿಯಲ್ಲಿರುವ ಅಮ್ಮನಿಗೂ ಗೊತ್ತಿರಲಿಲ್ಲ. ಓಡಾಟದಲ್ಲಿ ಓದು ಹಾಳಾಗುತ್ತದೆಂದು ಮುಕ್ಕಾಲು ಗಂಟೆ ಬಸ್ಸಿನ ದಾರಿಯಾದರೂ ಪಿಜಿ ಮಾಡಿಸಿಕೊಟ್ಟವಳಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ಆ ಗುರುವಾರ ಉಳಿದವರಿಗೆಲ್ಲ ರಜೆ, ಪರೀಕ್ಷೆ ನನಗೊಬ್ಬಳಿಗೇ. ಬಾಗಿಲಲ್ಲಿ ಒಂದೂ ಚೀಟಿ ಇರಲಿಲ್ಲ. ಊರನ್ನೇ ಎಬ್ಬಿಸುವವಳಿಗೆ ಅಲಾರಾಂ ಯಾಕೆ ಎಂಬ ಜಂಭ ಬೇರೆ. ಬೆಳಗಿನ ಜಾವ ಪುಸ್ತಕದ ಮೇಲೆ ತಲೆಯಿಟ್ಟೆ ನೋಡಿ, ಹಾಳಾದ ನಿದ್ದೆ ಅಷ್ಟೂ ತಿಂಗಳದ್ದು ಒಟ್ಟಿಗೇ ಬಂತು.

ಕಣ್ಣು ಬಿಟ್ಟಾಗ ಹತ್ತೂ ಇಪ್ಪತ್ತು. ಪರೀಕ್ಷೆ ಹತ್ತಕ್ಕೆ, ಅರ್ಧ ಗಂಟೆ ಮೀರಿದರೆ ಒಳಗೆ ಬಿಡುವುದಿಲ್ಲ. ತಲೆ ಬಾಚದೆ ಆಟೋ ಹತ್ತಿದೆ. ಪರೀಕ್ಷೆ ಹಾಲಿನ ಬಾಗಿಲಲ್ಲಿ ನಿಂತಿದ್ದ ಮೇಡಂ ಗಡಿಯಾರ ತೋರಿಸಿದರು. ಹತ್ತೂವರೆ ಮೀರಿ ಹನ್ನೆರಡು ನಿಮಿಷವಾಗಿತ್ತು.

ವಾಪಸು ಬಂದರೆ ಸಂಧ್ಯಾ ಮೆಟ್ಟಿಲ ಮೇಲೆ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ವಿಷಯ ಹೇಳಿದೆ.

"ಅಯ್ಯೋ! ಬಾಗ್ಲು ಹಾಕಿದ್ದು ನೋಡಿ ಲೈಬ್ರರಿಗೆ ಹೋಗಿದೀಯ ಅಂದ್ಕೊಂಡೆ. ನೀನೂ ಮಲಗ್ತೀಯ ಅಂತ ಯಾರಿಗ್ ಗೊತ್ತು ಮಾರಾಯ್ತಿ?"

ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಅವಳದೇನೂ ತಪ್ಪಿಲ್ಲವೆಂದು ಇನ್ನೂ ಸಿಟ್ಟು ಬಂತು. ರೂಮಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ, ಎರಡು ಸಲ ಫೇಲಾದದ್ದರಿಂದ ಹಿಡಿದು ಎಲ್ಲ ಹೇಳಿದೆ. ಅಮ್ಮ ಬೈಯುವುದರಲ್ಲಿ ಕಡಿಮೆಯವಳಲ್ಲ. ಬೈಯಲಿ ಎಂದು ಕಾದೆ.

"ನಿಮ್ಮಪ್ಪನ ಶಿಫ್ಟಿಗೆ ಡಬ್ಬಿ ಕಟ್ಟೋಕೆ ದಿನಾ ನಾಲ್ಕೂವರೆಗೆ ಏಳ್ತೀನಿ ಕಣೇ," ಅಂದಳು. "ನಿನ್ ಜೊತೆ ಒಂದ್ ಮಾತಾಡೋಣ ಅಂತ ಫೋನ್ ಕೈಗೆ ತಗೋತೀನಿ. ಮಗು ಮಲಗಿರುತ್ತೆ ಅಂತ ಇಟ್ಬಿಡ್ತೀನಿ."

ಆಗ ಅಳು ಬಂತು. ಆ ಹೊತ್ತಿಗೆ ನಾನು ದಿನಾ ಎದ್ದೇ ಇರುತ್ತಿದ್ದೆ.